ಪೇರು ಹಾಕಿದ ನೂಡಲ್ಸ್

ಜೂನ್ 9

ಪ್ರೀತಿಯ ಸೂಜಿ,

ನಾವೆಲ್ಲ ಚೆನ್ನಾಗಿದ್ದೇವೆ, ನೀನೂ ಚೆನ್ನಾಗಿದ್ದೀಯ ಅಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನ ಆ ಕೊರಿಯಾ ಬೀಫ್ ನೂಡಲ್ಸ್ ಮಾಡುವುದು ಹೇಗೆ?

ನಗಬೇಡ. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಕೆಲಸ ಮಾಡಿದ ಓರಗಿತ್ತಿಯರು ನಾವು. ಆದರೆ ಭಾನುವಾರ ನೀನು ಆ ನೂಡಲ್ಸ್‌ಗೆ ಕೈಹಾಕಿದಾಗಲೆಲ್ಲ "ಅಕ್ಕ, ಹೋಗಿ ಕೂತ್ಕೋ, ಇವತ್ತು ನಿಂಗೆ ರಜ" ಅಂತ ನನ್ನನ್ನು ಆಚೆ ಅಟ್ಟುತ್ತಿದ್ದೆ. ನಾನೂ ಒಳ್ಳೆಯದೇ ಆಯಿತು ಅಂತ ಕಾಲು ಚಾಚಿ ಕೂರುತ್ತಿದ್ದೆ. ಬಟ್ಟಲು ಕೈಗೆ ಬಂದಮೇಲೆಯೇ ನಾನು ಅದರ ಮುಖ ನೋಡುತ್ತಿದ್ದದ್ದು. ಈಗ ಅದರ ಫಲ ಉಣ್ಣುತ್ತಿದ್ದೇನೆ.

ವಿಷಯ ಏನೆಂದರೆ, ನಿನ್ನ ಗುಂಡಿ ಊಟ ಮಾಡುತ್ತಿಲ್ಲ. ಗಾಬರಿಯಾಗಬೇಡ, ಜ್ವರಗಿರ ಏನಿಲ್ಲ. ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡು ಗೋಡೆ ನೋಡುತ್ತಾ ಕೂರುತ್ತಾಳೆ. ನುಂಗು ಅಂದರೆ ನುಂಗುತ್ತಾಳೆ, ಇನ್ನೊಂದು ತುತ್ತು ಅಂದರೆ ಕಣ್ಣು ತುಂಬಿಕೊಳ್ಳುತ್ತಾಳೆ. ಏನು ಬೇಕು ಪುಟ್ಟಾ ಅಂತ ಕೇಳಿದರೆ ಒಂದೇ ಉತ್ತರ: "ಅಮ್ಮನ ನೂಡಲ್ಸ್." ನಿನ್ನ ಭಾವ ಡಿಪೋದಿಂದ ಬರುವಾಗ ಅಂಗಡಿಯ ಪ್ಯಾಕೆಟ್ ನೂಡಲ್ಸ್ ತಂದು, ಬಸ್ಸಿನ ಗ್ರೀಸ್ ಮೆತ್ತಿದ ಕೈಯನ್ನು ಮೂರು ಸಲ ತೊಳೆದು, ತಾವೇ ಬೇಯಿಸಿಕೊಟ್ಟರು. ನಿನ್ನ ಮಗಳು ಅದನ್ನು ಫೋರ್ಕಿನಿಂದ ಎತ್ತಿ ಬೆಳಕಿಗೆ ಹಿಡಿದು "ಇದು ಗುಂಗುರು. ಅಮ್ಮಂದು ನೀಟಾಗಿರತ್ತೆ, ಕನ್ನಡಕದ ಥರ ಆಚೆ ಕಡೆ ಕಾಣತ್ತೆ" ಅಂದಳು. ಏಳು ವರ್ಷದ ಪೋರಿ, ನಮ್ಮ ಕನ್ನಡಕದ ಅಂಗಡಿಯ ಗಿರಾಕಿಗಳಿಗಿಂತ ಜಾಸ್ತಿ ತಕರಾರು.

ನನ್ನ ಮೈದುನ ತೀರಿಕೊಂಡಮೇಲೆ ನಮ್ಮ ಊಟದ ಮೇಜಿನಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಹೊಸ ಗಾರ್ಮೆಂಟ್ಸ್‌ನವರು ಕರೆದರು ಅಂತ ನೀನು ಹೋದಮೇಲೆ ಎರಡು. ಮೂರನೆಯ ಕುರ್ಚಿಯಲ್ಲಿ ಕೂತವಳಾದರೂ ಹೊಟ್ಟೆ ತುಂಬ ಉಣ್ಣಲಿ ಅಂತ ನನ್ನಾಸೆ. ಭಾನುವಾರದ ಫೋನಿನಲ್ಲಿ ಹೇಳು ಅಂದರೆ ನಿನ್ನ ಹಾಸ್ಟೆಲಿನ ಸಾಲು ಹಿಂದಿನಿಂದ ಗೊಣಗುತ್ತದೆ. ಆದ್ದರಿಂದ ಬರೆದು ಕಳಿಸು. ನನಗೆ ಏನೂ ಬರುವುದಿಲ್ಲ ಅಂದುಕೊಂಡು ಬರೆ.

ನಿನ್ನ ಅಕ್ಕ


ಜೂನ್ 21

ಅಕ್ಕಾ,

ನಿನ್ನ ಪತ್ರ ಓದಿ ನಕ್ಕೆ, ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ, ಆಮೇಲೆ ಹಸಿವಾಯಿತು. ನಮ್ಮ ಮೆಸ್ಸಿನ ಊಟದ ಬಗ್ಗೆ ಬರೆಯುವುದಿಲ್ಲ, ಕಾಗದ ಹಾಳು.

ನಿಜ ಹೇಳಲಾ? ಬರೆಯಲು ಕೂತರೆ ಕೈ ಓಡಲಿಲ್ಲ. ಆ ಮನೆಯಲ್ಲಿ ನನ್ನದು ಅಂತ ಉಳಿದಿರುವುದು ಅದೊಂದು ರುಚಿ. ಅದನ್ನೂ ಅಕ್ಕನಿಗೆ ಕೊಟ್ಟುಬಿಟ್ಟರೆ ಗುಂಡಿಗೆ ನಾನು ಯಾತಕ್ಕೆ ಬೇಕು ಅಂತ ಒಂದು ಹಾಳು ಯೋಚನೆ ಬಂತು. ಆಮೇಲೆ ನನಗೇ ನಾಚಿಕೆಯಾಯಿತು. ಮಗು ಉಪವಾಸ ಇರುವಾಗ ತಾಯಿ ಜಿಪುಣಿಯಾಗುತ್ತಾಳಾ? ಬರೆದುಕೋ.

ಮೂಳೆ ಇಲ್ಲದ ತೊಡೆಯ ಮಾಂಸ ತಗೋ. ಅರ್ಧ ಗಂಟೆ ಫ್ರೀಜರಿನಲ್ಲಿಡು, ಕತ್ತಿಗೆ ಹಿಡಿತ ಸಿಗುತ್ತದೆ. ಮಾಂಸದ ಎಳೆ ಯಾವ ಕಡೆ ಓಡುತ್ತದೆ ಅಂತ ನೋಡಿ ಅದಕ್ಕೆ ಅಡ್ಡವಾಗಿ ಕತ್ತರಿಸು. ಇದರಲ್ಲಿ ಮಾತ್ರ ಉದಾಸೀನ ಬೇಡ. ತೆಳ್ಳಗೆ ಅಂದರೆ ಲೈನಿಂಗ್ ಬಟ್ಟೆಯಷ್ಟು ತೆಳ್ಳಗೆ, ಕೋಟಿನ ಬಟ್ಟೆಯಷ್ಟಲ್ಲ. ಒಂದು ಬಟ್ಟಲಲ್ಲಿ ಸೋಯಾ ಸಾಸ್, ಸಕ್ಕರೆ, ಜಜ್ಜಿದ ಬೆಳ್ಳುಳ್ಳಿ, ಚೂರು ಶುಂಠಿ, ಹುರಿದ ಎಳ್ಳಿನ ಎಣ್ಣೆ, ಅರ್ಧ ಪೇರ್ ಹಣ್ಣಿನ ತುರಿ. ಅದರಲ್ಲಿ ಮಾಂಸ ಕಲಸಿ ಮುಚ್ಚಿಡು. ಪೇರ್ ಮರೆಯಬೇಡ, ಅದೇ ಅದರ ಜೀವ. ಹಳೇ ಫ್ಯಾಕ್ಟರಿಯಲ್ಲಿ ನನಗೆ ಕಟಿಂಗ್ ಕಲಿಸಿದ ಕೊರಿಯಾದ ಮೇಡಂ ಇದ್ದರಲ್ಲ, ನನ್ನ ಭಾಷೆ ಅವರಿಗೆ ಬರದು, ಅವರದ್ದು ನನಗೆ ಬರದು. ಬಟ್ಟೆ ಕೆಟ್ಟರೆ ಕತ್ತರಿಯಿಂದ ಮೇಜು ಕುಟ್ಟುವರು. ಮೆಸ್ಸಿನಲ್ಲಿ ಇದನ್ನು ಕಲಿಸುವಾಗ ನಾನು ಹಣ್ಣು ಹಾಕಲು ಮರೆತರೂ ಸೌಟಿನಿಂದ ಹಾಗೇ ಕುಟ್ಟಿದ್ದರು.

ನೂಡಲ್ಸ್ ಗೆಣಸಿನ ಹಿಟ್ಟಿನದು, ಆಚೆ ಕಡೆ ಕಾಣುವುದೇ ಅದಕ್ಕೆ. ಪಾರ್ಸೆಲ್ಲಿನಲ್ಲಿ ಕೆಲವು ಕಟ್ಟು ಕಳಿಸಿದ್ದೇನೆ, ಮುಗಿದರೆ ಹೇಳು. ತಣ್ಣೀರಿನಲ್ಲಿ ನೆನೆಸು. ಅದು ನೆನೆಯುವಷ್ಟು ಹೊತ್ತು ಸುಮ್ಮನೆ ಕೂತಿರುತ್ತೀಯಲ್ಲ, ನನ್ನನ್ನೂ ಒಂಚೂರು ನೆನೆಸು. ಆಮೇಲೆ ದೊಡ್ಡ ಉರಿಯಲ್ಲಿ ಮಾಂಸ ಬಾಡಿಸಿ, ಒಂದು ಲೋಟ ನೀರು ಹಾಕಿ ಕುದಿಸಿ, ನೂಡಲ್ಸ್ ಬಿಡು. ರಸ ಹೀರಿಕೊಂಡು ಕಂದುಬಣ್ಣಕ್ಕೆ ತಿರುಗಿದಾಗ ಈರುಳ್ಳಿ ಹೂವಿನ ಸೊಪ್ಪು ಉದುರಿಸಿ ಇಳಿಸು. ಗುಂಡಿಯದಕ್ಕೆ ಮೆಣಸಿನಪುಡಿ ಬೇಡ. ಭಾವನವರ ಬಟ್ಟಲಿಗೆ ಧಾರಾಳ.

ಉಂಡಳಾ ಅಂತ ಬೇಗ ಬರೆ.

ಸೂಜಿ


ಜುಲೈ 6

ಸೂಜಿ,

ನಿನ್ನ ಕೊರಿಯಾದ ಮೇಡಂ ನನ್ನ ಕೈಗೆ ಸಿಕ್ಕಿದ್ದರೆ ಅದೇ ಸೌಟಿನಿಂದ ನಾನೂ ಮೇಜು ಕುಟ್ಟುತ್ತಿದ್ದೆ. ಪೇರು ತುರಿಯುವುದು ಅಂದರೆ ಅಡುಗೆಯೋ ಶಿಕ್ಷೆಯೋ? ಗಟ್ಟಿಯಾಗಿರಲಿ ಅಂತ ದೋರಗಾಯಿಯನ್ನೇ ಆರಿಸಿ ತಂದೆ. ಮೇಲಿನ ತಿರುಳು ಬೇಗ ಮುಗಿಯಿತು, ಒಳಗೆ ಬರೀ ಬೀಜ. ತುರಿಯುವ ಮಣೆಯ ತೂತೆಲ್ಲ ಕಟ್ಟಿಕೊಂಡು, ಅಂಗಡಿಯಲ್ಲಿ ಕನ್ನಡಕದ ಸ್ಕ್ರೂ ಬಿಚ್ಚುವ ಪುಟ್ಟ ಸ್ಕ್ರೂಡ್ರೈವರಿನಿಂದ ಒಂದೊಂದೇ ಬೀಜ ಎಬ್ಬಿಸಿದೆ. ಜೀವ ಅಂದಿದ್ದೀಯಲ್ಲ ಅಂತ ಹಲ್ಲುಕಚ್ಚಿ ಎಲ್ಲವನ್ನೂ ಮಾಂಸಕ್ಕೇ ಹಾಕಿದೆ.

ಹಲ್ಲಿನ ಮಾತು ಬಂತು, ಕೇಳು. ನಿನ್ನ ಭಾವ ಮೊದಲ ತುತ್ತು ಬಾಯಿಗಿಟ್ಟರು. ಕಟುಂ ಅಂತ ಶಬ್ದ. ಹುಳುಕು ಹಲ್ಲಿಗೆ ಕಟ್ಟಿಸಿಕೊಂಡಿದ್ದ ಸಿಮೆಂಟು ಕೈಗೆ ಬಂತು. "ಏನೇ ಇದು, ನೂಡಲ್ಸಾ, ಜಲ್ಲಿಕಲ್ಲಾ?" ಅಂದರು. ಮಾಂಸವೂ ಅಷ್ಟೇ, ನಮ್ಮ ಹಲ್ಲಿಗೆ ಎದುರಾಡುತ್ತಾ ನಿಂತುಬಿಟ್ಟಿತು. ಎಳೆಗೆ ಅಡ್ಡವಾಗಿಯೇ ಕತ್ತರಿಸಿದ್ದೆ, ದೇವರಾಣೆ. ಆದರೂ ನಿನ್ನ ಕೈರುಚಿಯ ಹತ್ತಿರಕ್ಕೂ ಬರಲಿಲ್ಲ.

ಗುಂಡಿ ಮೊದಲ ಬೀಜ ಸಿಕ್ಕಿದಾಗ ನನ್ನ ಮುಖ ನೋಡಿದಳು. ಆಮೇಲೆ ಅದನ್ನು ತೆಗೆದು ಬಟ್ಟಲಿನ ಅಂಚಿಗೆ ಅಂಟಿಸಿದಳು. ಇನ್ನೊಂದು, ಇನ್ನೊಂದು. ಹಾರ ಪೋಣಿಸಿದ ಹಾಗೆ ಸುತ್ತಲೂ ಸಾಲು. ಬಟ್ಟಲು ಖಾಲಿಯಾಯಿತು. ಹಸಿವಿಗೋ ಏನೋ.

ನಾನು ಎಲ್ಲಿ ಎಡವಿದೆ ಹೇಳು.

ಅಕ್ಕ


ಜುಲೈ 18

ಅಯ್ಯೋ ಅಕ್ಕಾ!

ನಿನ್ನ ಪತ್ರವನ್ನು ನಮ್ಮ ರೂಮಿನವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಮೇಲಿನ ಮಂಚದ ಹುಡುಗಿ ನಕ್ಕು ನಕ್ಕು ಕೆಳಗೆ ಬೀಳುವುದೊಂದು ಬಾಕಿ. ತಪ್ಪು ನನ್ನದೇ. ನಿನ್ನ ತವರಿನ ಕಡೆ ಸೀಬೆಹಣ್ಣಿಗೆ ಪೇರು ಅನ್ನುತ್ತಾರೆ ಅನ್ನುವುದು ನನ್ನ ತಲೆಯಿಂದ ಹಾರಿಹೋಗಿತ್ತು. ನಾನು ಹೇಳಿದ್ದು ಪೇರ್. ಮರಸೇಬು, ಮಾರಾಯ್ತಿ, ಮರಸೇಬು! ಕತ್ತು ಉದ್ದ ಹೊಟ್ಟೆ ದಪ್ಪ ಇರುತ್ತದಲ್ಲ, ಅದು. ಅದರ ರಸಕ್ಕೆ ಮಾಂಸ ಮೆತ್ತಗಾಗುತ್ತದೆ. ಸೀಬೆಕಾಯಿಗೆ ಭಾವನವರ ಹಲ್ಲು ಮೆತ್ತಗಾಗುತ್ತದೆ. ಅವರಿಗೆ ನನ್ನ ಕ್ಷಮೆ ಹೇಳು. ನನಗೆ ಸೂಜಿ ಅಂತ ಹೆಸರಿಟ್ಟವರು ಅವರು, ಚುಚ್ಚಿಸಿಕೊಳ್ಳುವುದು ಅವರ ಹಣೆಯಲ್ಲೇ ಬರೆದಿತ್ತು ಅಂತಲೂ ಹೇಳು.

ಪಾಪ ನನ್ನ ಕಂದ, ಅದನ್ನೂ ಮಾತಾಡದೆ ತಿಂದಳಲ್ಲ. ಇನ್ನೊಂದು ಸಲ ಸರಿಯಾಗಿ ಮಾಡಿಕೊಡು ಅಕ್ಕ. ಅವಳು ನನ್ನ ರುಚಿ ಮರೆಯಬಾರದು. ಫೋನಿನಲ್ಲಿ "ಹೂಂ", "ಊಹೂಂ" ಬಿಟ್ಟು ಬೇರೆ ಮಾತೇ ಬರುವುದಿಲ್ಲ ಅವಳ ಬಾಯಿಂದ. ನನ್ನ ಧ್ವನಿ ಮರೆಯುತ್ತಿದ್ದಾಳೋ, ನನ್ನ ಮೇಲೆ ಮುನಿದಿದ್ದಾಳೋ ಒಂದೂ ತಿಳಿಯುವುದಿಲ್ಲ. ಇಡೀ ದಿನ ಹೊಸ ಹುಡುಗಿಯರಿಗೆ ಕಾಲರ್ ತಿರುವುವುದನ್ನು ಕಲಿಸುತ್ತೇನೆ, ಕಣ್ಣಮುಂದೆ ಅವಳ ಶಾಲೆಯ ಅಂಗಿಯ ಕಾಲರೇ ಇರುತ್ತದೆ. ಆ ನೂಡಲ್ಸ್ ಅವಳ ಬಾಯಲ್ಲಿದ್ದಷ್ಟು ಹೊತ್ತಾದರೂ ನಾನು ಅಲ್ಲಿರುತ್ತೇನೆ ಅಂತ ಅಂದುಕೊಂಡಿದ್ದೇನೆ.

ಮರಸೇಬು ಹಾಕಿ ಮಾಡಿಕೊಟ್ಟಾಗ ಅವಳು ಏನೆಂದಳು ಅಂತ ಅವಳ ಮಾತಿನಲ್ಲೇ ಬರೆ. ಒಂದು ಅಕ್ಷರ ಬಿಡಬೇಡ.

ಸೂಜಿ


ಆಗಸ್ಟ್ 14

ಸೂಜಿ,

ಬರೆಯುವುದು ತಡವಾಯಿತು. ಅಂಗಡಿಯಲ್ಲಿ ಲೆನ್ಸ್ ಉಜ್ಜುವ ಯಂತ್ರ ಕೆಟ್ಟು ನಿಂತಿತ್ತು. ಗಿರಾಕಿಗಳಿಗೆ ಸಮಾಧಾನ ಹೇಳಿ ಹೇಳಿ ಗಂಟಲು ಬಿದ್ದುಹೋಯಿತು.

ಗುಂಡಿಯ ಮುಂದಿನ ಹಲ್ಲು ಬಿತ್ತು. ನಿನಗೆ ತೋರಿಸಲು ಬೇಕಂತೆ, ಫಿಲ್ಮ್ ರೋಲಿನ ಡಬ್ಬಿಯಲ್ಲಿ ಹಾಕಿಟ್ಟುಕೊಂಡಿದ್ದಾಳೆ. ಮೈ ಕೈ ಸ್ವಲ್ಪ ತುಂಬಿಕೊಂಡಿದೆ. ಪಕ್ಕದ ಮನೆಯ ಮೆಟ್ಟಿಲ ಮೇಲೆ ಹುಡುಗಿಯರ ಜೊತೆ ಕೂಗಾಡುತ್ತಾಳೆ, ಅದೇ ನನಗೆ ಸಮಾಧಾನ. ನಿನ್ನ ಭಾವ ಹಲ್ಲು ಕಟ್ಟಿಸಿಕೊಂಡರು.

ಮರಸೇಬು ಹಾಕಿ ಮಾಡಿದೆ. ಮಾಂಸ ಬೆಣ್ಣೆಯ ಹಾಗೆ ಬಂತು. ಗುಂಡಿ ತಿಂದಳು. ಚೆನ್ನಾಗಿದೆ ಅಂದಳು.

ಇನ್ನೇನು ವಿಶೇಷವಿಲ್ಲ. ನೂಡಲ್ಸ್ ಕಟ್ಟು ಮುಗಿಯುತ್ತಾ ಬಂದಿದೆ, ಅನುಕೂಲವಾದಾಗ ಕಳಿಸು.

ಅಕ್ಕ


ಸೆಪ್ಟೆಂಬರ್ 2

ಅಕ್ಕ,

ನೂಡಲ್ಸ್ ಕಟ್ಟು ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತದೆ.

ಒಂದು ಅಕ್ಷರ ಬಿಡದೆ ಬರೆಯಿರಿ ಅಂತ ಕೇಳಿದ್ದೆ. ನೀವು ಬರೆದದ್ದು "ಚೆನ್ನಾಗಿದೆ ಅಂದಳು". ನನ್ನ ಮಗಳು ಅಷ್ಟಕ್ಕೇ ಬಾಯಿ ಮುಚ್ಚುವವಳಲ್ಲ ಅಂತ ನನಗೆ ಗೊತ್ತು. ನೀವು ಯಾಕೆ ಮುಚ್ಚಿಟ್ಟಿರಿ ಅಂತ ಈ ಭಾನುವಾರ ಗೊತ್ತಾಯಿತು.

ಫೋನಿನಲ್ಲಿ ಅವಳೇ ಹೇಳಿದಳು. "ಅಮ್ಮಾ, ದೊಡ್ಡಮ್ಮನ ನೂಡಲ್ಸ್ ನಂಗೆ ತುಂಬಾ ಇಷ್ಟ. ನೀನು ಬಂದಾಗ ದೊಡ್ಡಮ್ಮನ ಥರಾನೇ ಮಾಡ್ತೀಯಾ?" ನನ್ನ ನೂಡಲ್ಸ್ ಅದು, ಅಕ್ಕ. ನಾನು ಕಲಿತದ್ದು, ನಾನು ಬರೆದು ಕಳಿಸಿದ್ದು, ಇಲ್ಲಿಂದ ಕಟ್ಟು ಕಟ್ಟಿ ಪಾರ್ಸೆಲ್ ಮಾಡಿದ್ದು. ಅದು ಯಾವಾಗ ದೊಡ್ಡಮ್ಮನದಾಯಿತು? ಅವಳು ಫೋನ್ ಕೆಳಗಿಡುವ ಮೊದಲು "ಅಮ್ಮಾ, ಮಾತಾಡಿದ್ದಾಯ್ತು" ಅಂತ ಕೂಗಿದ್ದು ಕೇಳಿಸಿತು. ಅಮ್ಮ ಇಲ್ಲಿದ್ದಳು. ಅವಳು ಕೂಗಿದ್ದು ಅಲ್ಲಿ ಯಾರನ್ನು?

ನಿಮ್ಮ ಉಪಕಾರ ನಾನು ಮರೆತಿಲ್ಲ. ಆದರೆ ಗುಂಡಿಯನ್ನು ನಿಮ್ಮ ಹತ್ತಿರ ಬಿಟ್ಟು ಬಂದಿದ್ದೇನೆ, ಕೊಟ್ಟು ಬಂದಿಲ್ಲ.

ಇಲ್ಲಿ ಮಕ್ಕಳಿರುವವರಿಗೆ ಕ್ವಾರ್ಟರ್ಸ್ ಕೊಡುತ್ತಾರಂತೆ, ಅರ್ಜಿ ಹಾಕಿದ್ದೇನೆ. ಡಿಸೆಂಬರಿನಲ್ಲಿ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ. ಶಾಲೆಗೆ ಹೇಳಿಡಿ.

ಸೂಜಿ


ಸೆಪ್ಟೆಂಬರ್ 19

ಸೂಜಿ,

"ನೀವು" ಅಂದಿದ್ದೀಯ. ನೀನು ಮದುವೆಯಾಗಿ ಬಂದ ಮಾರನೇ ದಿನ ಒಂದು ಸಲ ನನ್ನನ್ನು ನೀವು ಅಂದಿದ್ದೆ, ನಾನು ಸೌಟು ತೋರಿಸಿದ್ದೆ, ನೆನಪಿದೆಯಾ? ಅವತ್ತಿನಿಂದ ಇವತ್ತಿನವರೆಗೂ ಆ ಮಾತು ನಿನ್ನ ಬಾಯಲ್ಲಿ ಬಂದಿರಲಿಲ್ಲ. ಪತ್ರದ ಉಳಿದ ಮಾತು ನೋಯಿಸಿತು. ಇದೊಂದು ಮಾತ್ರ ಇನ್ನೂ ಚುಚ್ಚುತ್ತಲೇ ಇದೆ. ನಿನ್ನ ಭಾವ ನಿನಗೆ ಸರಿಯಾದ ಹೆಸರನ್ನೇ ಇಟ್ಟಿದ್ದಾರೆ.

ಬಿಟ್ಟು ಹೋಗಿದ್ದೀಯ, ಕೊಟ್ಟು ಹೋಗಿಲ್ಲ. ಅದು ನನಗೆ ಗೊತ್ತು. ಬೆಳಿಗ್ಗೆ ಅವಳ ಜಡೆ ಹಾಕುವಾಗ ಗೊತ್ತು, ರಾತ್ರಿ ಹೊದಿಕೆ ಸರಿಮಾಡುವಾಗ ಗೊತ್ತು. ನೀನು ಬರೆದು ತಿಳಿಸಬೇಕಾಗಿರಲಿಲ್ಲ.

ಅಮ್ಮಾ ಅಂದದ್ದು ಬಾಯಿತಪ್ಪಿ. ಶಾಲೆಯ ಟೀಚರನ್ನೂ ಒಂದು ಸಲ ಹಾಗೆ ಕರೆದು ನಾಲಗೆ ಕಚ್ಚಿಕೊಂಡಳಂತೆ. ನನ್ನನ್ನು ಕರೆದಾಗಲೂ ನಾಲಗೆ ಕಚ್ಚಿಕೊಂಡಳು. ಆದರೆ ನಿನ್ನ ಹತ್ತಿರ ಸುಳ್ಳು ಹೇಳಲಾರೆ. ಆ ಕೂಗು ಕೇಳಿ ನನಗೆ ಸಂಕಟವೂ ಆಯಿತು, ಸಂತೋಷವೂ ಆಯಿತು. ಎರಡರಲ್ಲಿ ಯಾವುದು ಜಾಸ್ತಿ ಅಂತ ಕೇಳಬೇಡ.

ನೂಡಲ್ಸ್ ವಿಷಯ ನಾನು ಏನೂ ಬರೆಯುವುದಿಲ್ಲ. ಮಗು ಉಣ್ಣುತ್ತಿದೆ, ನನಗೆ ಅಷ್ಟು ಸಾಕು.

ಶಾಲೆಗೆ ಹೇಳಿದ್ದೇನೆ. ಅವಳಿಗೂ ಹೇಳಿದೆ. ನೀನು ಬರುತ್ತೀಯ ಅಂದದ್ದೇ ತಡ, ಮನೆಯ ಈ ಮೂಲೆಯಿಂದ ಆ ಮೂಲೆಗೆ ಓಡಿದಳು. ಆಮೇಲೆ ಬಂದು "ದೊಡ್ಡಮ್ಮ, ನೀನೂ ಬರ್ತೀಯ ತಾನೇ?" ಅಂತ ಕೇಳಿದಳು. ಅಂಗಡಿ ಯಾರು ನೋಡ್ಕೋತಾರೆ ಪುಟ್ಟಾ ಅಂದೆ.

ಅಕ್ಕ


ಡಿಸೆಂಬರ್ 28

ಸೂಜಿ,

ಸುಖವಾಗಿ ತಲುಪಿದಿರಿ ಅಂತ ಡಿಪೋಗೆ ಫೋನ್ ಮಾಡಿ ಹೇಳಿದೆಯಂತೆ, ಒಳ್ಳೆಯದಾಯಿತು. ಇಲ್ಲಿ ಎರಡು ದಿನ ಇದ್ದು ಹೋದೆ. ಇಬ್ಬರೂ ಬಟ್ಟೆ ಮಡಿಸುತ್ತಲೇ ಕಾಲ ಕಳೆದೆವು, ಮಾತಾಡಲಿಲ್ಲ.

ಗುಂಡಿಯ ಒಂದು ಕಾಲುಚೀಲ ಸೋಫಾದ ಕೆಳಗೆ ಸಿಕ್ಕಿತು. ಇನ್ನೊಂದು ಅಲ್ಲಿಗೆ ಬಂದಿರಬೇಕು. ಕಳಿಸಲಾ, ಇಲ್ಲೇ ಇಟ್ಟುಕೊಳ್ಳಲಾ ಅಂತ ಯೋಚಿಸುತ್ತಿದ್ದೇನೆ.

ಈ ಭಾನುವಾರ ನೂಡಲ್ಸ್ ಮಾಡಲಿಲ್ಲ. ನಿನ್ನ ಭಾವ ಕೇಳಲೂ ಇಲ್ಲ.

ಅಕ್ಕ


ಜನವರಿ 12

ಅಕ್ಕಾ,

ಈ ಪತ್ರವನ್ನು ಕೂತು ಓದು. ಅಂಗಡಿಯಲ್ಲಿ ಓದಬೇಡ, ಮನೆಗೆ ಹೋಗಿ ಓದು.

ಕ್ವಾರ್ಟರ್ಸಿಗೆ ಬಂದ ಮೊದಲ ಭಾನುವಾರ ನಾನು ನೂಡಲ್ಸ್ ಮಾಡಿದೆ. ಎಷ್ಟು ದಿನದಿಂದ ಕಾದಿದ್ದ ಭಾನುವಾರ ಅದು! ಒಳ್ಳೆಯ ಮಾಂಸ, ಆಗ ತಾನೇ ಹುರಿದ ಎಳ್ಳು, ರಸ ಸೋರುವ ಮರಸೇಬು. ಆ ಕೊರಿಯಾದ ಮೇಡಂ ಬಂದಿದ್ದರೂ ಸೌಟು ಎತ್ತುತ್ತಿರಲಿಲ್ಲ, ಅಷ್ಟು ಸರಿಯಾಗಿ ಬಂದಿತ್ತು. ಬಟ್ಟಲನ್ನು ಗುಂಡಿಯ ಮುಂದಿಟ್ಟು ಎದುರಿಗೆ ಕೂತೆ. ಒಂದು ತುತ್ತು ತಿಂದಳು. ಆಮೇಲೆ ಫೋರ್ಕಿನಿಂದ ಬಟ್ಟಲನ್ನೆಲ್ಲ ಕೆದಕಿದಳು. ಏನು ಹುಡುಕುತ್ತೀ ಕಂದಾ ಅಂದೆ.

"ಅಮ್ಮಾ, ಬೀಜ ಎಲ್ಲಿ?"

ನನಗೆ ನಗುವೇ ಬಂತು. ದೊಡ್ಡಮ್ಮ ಹಣ್ಣು ತಪ್ಪಾಗಿ ಹಾಕಿದ್ದರು ಪುಟ್ಟಾ, ನಿಜವಾದ ನೂಡಲ್ಸ್‌ನಲ್ಲಿ ಬೀಜ ಇರುವುದಿಲ್ಲ ಅಂದೆ. ಅವಳು ತಲೆಯಾಡಿಸಿದಳು. "ಗೊತ್ತು. ದೊಡ್ಡಮ್ಮ ಒಂದ್ಸಲ ಇದನ್ನೂ ಮಾಡಿದ್ಲು. ನಾನು ಬೇಡ ಅಂದೆ. ಬೀಜದ್ದೇ ಬೇಕು ಅಂದೆ. ಅಮ್ಮಂಗೆ ಹೇಳ್ಬೇಡ, ಅವಳಿಗೆ ಬೇಜಾರಾಗತ್ತೆ ಅಂದ್ಲು ದೊಡ್ಡಮ್ಮ." ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಅಕ್ಕಾ, ನೀನು ಬಚ್ಚಿಟ್ಟದ್ದು ಇದನ್ನಾ? ನಾನು ಏನೇನೋ ಅಂದುಕೊಂಡೆನಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಬೀಜ ಯಾಕೆ ಬೇಕು ಅಂತ ಕೇಳಿದೆ. ಮುಂದೆ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಒಂದು ಅಕ್ಷರ ಬಿಡದೆ. "ಬೀಜ ಎಲ್ಲಾ ಬಟ್ಟಲಿಗೆ ಅಂಟಿಸ್ಬೇಕು. ಅಮ್ಮ ಬರ್ತಾಳೆ, ಅಮ್ಮ ಬರಲ್ಲ, ಅಮ್ಮ ಬರ್ತಾಳೆ, ಅಮ್ಮ ಬರಲ್ಲ ಅಂತ ಹೇಳ್ತಾ ಹೋಗ್ಬೇಕು. ಕೊನೇ ಬೀಜಕ್ಕೆ ಏನು ಬರತ್ತೋ ಅದೇ ಆಗತ್ತೆ. ನಂಗೆ ಯಾವಾಗ್ಲೂ ಬರ್ತಾಳೆ ಅಂತಾನೇ ಬರ್ತಿತ್ತು." ಯಾವಾಗಲೂನಾ ಅಂತ ಕೇಳಿದೆ. ಫೋರ್ಕ್ ಕೆಳಗಿಟ್ಟಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದಳು. "ಬರಲ್ಲ ಅಂತ ನಿಂತ್ರೆ ದೊಡ್ಡಮ್ಮ ಅವಳ ಬಟ್ಟಲಿಂದ ಒಂದು ಬೀಜ ತಂದು ಅಂಟಿಸ್ತಿದ್ಲು. ನಾನು ನೋಡ್ದೇ ಇರೋ ಹಾಗೆ ಆ ಕಡೆ ತಿರುಗ್ತಿದ್ದೆ."

ನಾನು ಎದ್ದು ಒಲೆಯ ಕಡೆ ಹೋಗಿ ನಿಂತೆ. ಒಲೆ ಆರಿಸಿಯೇ ಇತ್ತು, ಸುಮ್ಮನೆ ಅದನ್ನು ಒರೆಸಿದೆ. ನಾನು ಬಂದರೆ ನಿನ್ನ ಮನೆ ಬರಿದಾಗುತ್ತದೆ ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದೂ ವಾರ ವಾರ ನಿನ್ನ ಬಟ್ಟಲಿನ ಬೀಜ ಹಾಕಿ ನನ್ನನ್ನು ಕರೆಸಿದೆ. ನಾನು ಆಡಿದ ಮಾತನ್ನು ಹೊಲಿಗೆಯ ಹಾಗೆ ಬಿಚ್ಚಿ ಹಾಕಲು ಬರುವುದಿದ್ದರೆ ಈ ಹೊತ್ತಿಗೆ ಬಿಚ್ಚಿರುತ್ತಿದ್ದೆ.

ಈ ಭಾನುವಾರ ಸಂತೆಗೆ ಹೋಗಿ ಪೇರು ತಂದೆ. ಹೌದು, ಪೇರು. ನಮ್ಮ ಮನೆಯಲ್ಲಿ ಇನ್ನು ಅದರ ಹೆಸರು ಅದೇ. ತುರಿದೆ, ಕೈ ತರಚಿಕೊಂಡೆ, ನಿನ್ನ ಸ್ಕ್ರೂಡ್ರೈವರ್ ಇಲ್ಲದೆ ಸೂಜಿಯಿಂದಲೇ ಬೀಜ ಎಬ್ಬಿಸಿದೆ. ಗುಂಡಿ ತಿಂದು "ಪರವಾಗಿಲ್ಲ, ದೊಡ್ಡಮ್ಮನ ಥರ ಇಲ್ಲ" ಅಂದಳು. ಆಮೇಲೆ ಬೀಜ ಅಂಟಿಸುತ್ತಾ ಹೋದಳು. ಈಗ ಅವಳು ಹೇಳುವುದು ಬೇರೆ: ದೊಡ್ಡಮ್ಮ ಬರ್ತಾಳೆ, ದೊಡ್ಡಮ್ಮ ಬರಲ್ಲ. ಕೊನೆಯ ಬೀಜ "ಬರಲ್ಲ" ಅಂತ ನಿಂತಿತು. ಅವಳ ಕೆಳತುಟಿ ಮುಂದೆ ಬಂತು. ನಾನು ನನ್ನ ಬಟ್ಟಲಿನಿಂದ ಒಂದು ಬೀಜ ತಂದು ಅಂಟಿಸಿದೆ. ಅವಳು ಆ ಕಡೆ ತಿರುಗಿಕೊಂಡಿದ್ದಳು.

ಬೀಜ ಅಂಟಿಸಿಬಿಟ್ಟಿದ್ದೇನೆ ಅಕ್ಕ, ಇನ್ನು ನನ್ನ ಮಾನ ನಿನ್ನ ಕೈಯಲ್ಲಿದೆ. ಭಾವನವರನ್ನೂ ಕರೆದುಕೊಂಡು ಬಾ. ಮಂಚ ಒಂದೇ ಇದೆ, ಅದು ಅವರಿಗಿರಲಿ, ನಾವು ಮೂವರೂ ಕೆಳಗೆ ಮಲಗೋಣ. ಆ ಮಾಂಸ ಅಷ್ಟು ಗಟ್ಟಿಯಾಗದ ಹಾಗೆ ನೀನು ಹೇಗೆ ಮಾಡುತ್ತಿದ್ದೆ? ಪೇರು ಎಷ್ಟು ಹಾಕುತ್ತೀಯ? ನನಗೆ ಏನೂ ಬರುವುದಿಲ್ಲ ಅಂದುಕೊಂಡು ಬರೆ.

ನಿನ್ನ ಸೂಜಿ


ಜನವರಿ 20

ಸೂಜಿ,

"ನೀನು" ಅಂದೆಯಲ್ಲ, ಸಾಕು. ಬಾಕಿ ಎಲ್ಲ ಚುಕ್ತಾ. ಹೊಲಿಗೆ ಬಿಚ್ಚುವ ಮಾತು ಇನ್ನು ಎತ್ತಬೇಡ.

ನನ್ನನ್ನು ದೊಡ್ಡ ಮನಸ್ಸಿನವಳನ್ನಾಗಿ ಮಾಡಿ ಅಟ್ಟಕ್ಕೇರಿಸಬೇಡ. ಎಷ್ಟೋ ಭಾನುವಾರ ಆ ಬೀಜವನ್ನು ಬೆರಳಲ್ಲಿ ಹಿಡಿದುಕೊಂಡು, ಹಾಕಲೋ ಬೇಡವೋ ಅಂತ ಕೂತಿದ್ದೇನೆ. ಹಾಕದಿದ್ದರೆ ಏನಾಗುತ್ತದೆ, ಬರೀ ಆಟ ತಾನೇ ಅಂತ ಅನ್ನಿಸುತ್ತಿತ್ತು. ಅಷ್ಟರಲ್ಲಿ ಅವಳ ಕೆಳತುಟಿ ಮುಂದೆ ಬರುತ್ತಿತ್ತು. ಆ ತುಟಿ ನೋಡಿಕೊಂಡು ಕೂರಲು ಯಾರಿಂದ ಆಗುತ್ತದೆ, ಹೇಳು. ಕಳ್ಳಿ, ಎಲ್ಲ ಗೊತ್ತಿದ್ದೂ ಆ ಕಡೆ ತಿರುಗಿಕೊಂಡು ಕೂರುತ್ತಿದ್ದಳಾ? ಅದು ನಿನ್ನ ಬುದ್ಧಿಯೇ, ನನ್ನದಲ್ಲ.

ಮಾಂಸದ ಗುಟ್ಟು ಕೇಳಿದ್ದೀಯ. ಮೊದಲು ಅರ್ಧ ಮರಸೇಬು ತುರಿದು ಹಾಕುತ್ತೇನೆ, ಮೆತ್ತಗಾಗಲಿ ಅಂತ. ಆಮೇಲೆ ಮೇಲಿನಿಂದ ಪೇರು, ಬೀಜಕ್ಕೆ ಅಂತ. ನಿನ್ನದೂ ಇರುತ್ತದೆ, ನನ್ನದೂ ಇರುತ್ತದೆ. ಅವಳಿಗೆ ಮಾತ್ರ ಹೇಳಬೇಡ, ಬರೀ ಬೀಜದ ನೂಡಲ್ಸ್ ಅಂದುಕೊಂಡಿದ್ದಾಳೆ.

ನಿನ್ನ ಭಾವ ರಜ ಹಾಕಿದ್ದಾರೆ. ನಿನ್ನ ಪತ್ರ ಓದಿ ಹೇಳಿದಾಗ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಆಮೇಲೆ "ಹೋಗೋದೇನೋ ಸರಿ, ಹಲ್ಲಿನ ಡಾಕ್ಟರ್ ವಿಳಾಸ ತಿಳ್ಕೊಂಡಿರು ಅಂತ ಸೂಜಿಗೆ ಬರಿ" ಅಂದರು. ಅಂಗಡಿಯ ಮಾಲೀಕರಿಗೂ ಹೇಳಿದ್ದೇನೆ, ಕನ್ನಡಕ ಮುರಿದುಕೊಳ್ಳುವವರು ಒಂದು ವಾರ ತಡೆಯಲಿ. ಶುಕ್ರವಾರದ ಬಸ್ಸು, ಶನಿವಾರ ಬೆಳಿಗ್ಗೆ ಅಲ್ಲಿರುತ್ತೇವೆ. ಆ ಕಾಲುಚೀಲವನ್ನೂ ತರುತ್ತಿದ್ದೇನೆ.

ಪೇರು ನೀನು ಕೊಳ್ಳಬೇಡ. ಬೀಜ ತುಂಬಿರುವುದನ್ನೇ ಆರಿಸಿ ಇಟ್ಟಿದ್ದೇನೆ. ಒಂದು ಮಾತು ಮಾತ್ರ ನೆನಪಿಟ್ಟುಕೋ. ನಾವು ವಾಪಸ್ ಹೊರಡುವ ದಿನ ಅವಳು ಮತ್ತೆ ಅಂಟಿಸಲು ಕೂರುತ್ತಾಳೆ. ನಿನ್ನ ಬಟ್ಟಲಲ್ಲಿ ಒಂದು ಬೀಜ ಉಳಿಸಿಕೊಂಡಿರು.

ಅಕ್ಕ